ದಪ್ಪ ದನಿಯ ನೆರೆಯಾಕೆ

ಮದುವೆಯಾಗಿ ಯಶವಂತಪುರದ ರೈಲ್ವೆ ಕ್ವಾರ್ಟರ್ಸಿಗೆ ಬಂದಾಗ ನನಗೆ ಹತ್ತೊಂಬತ್ತು. ನನ್ನವರು ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಪಕ್ಕದ ಮನೆಯಲ್ಲಿ ಆಂಗ್ಲೋ-ಇಂಡಿಯನ್ ಎಂಜಿನ್ ಡ್ರೈವರೊಬ್ಬರು, ಜೊತೆಗೆ ಅವರ ಅಕ್ಕ. ಮದುವೆಯಾಗದ, ನಲವತ್ತರ ಆಸುಪಾಸಿನ ಆಕೆ ಕಂಟೋನ್ಮೆಂಟಿನ ಹೋಟೆಲೊಂದರಲ್ಲಿ ಜಾಜ್ ಹಾಡುತ್ತಿದ್ದರು. ಶನಿವಾರ ಸಂಜೆ ಜಟಕಾ ಬರುತ್ತಿತ್ತು. ಉದ್ದನೆಯ ನೀಲಿ ಗೌನಿನ ಅಂಚು ಕೆಂಪು ಧೂಳಿಗೆ ತಾಗದಂತೆ ಎತ್ತಿ ಹಿಡಿದು ಅವರು ಹತ್ತುವುದನ್ನು ಇಡೀ ಸಾಲು ನೋಡುತ್ತಿತ್ತು.

‘ಕುಡಿಯೋರ ಮುಂದೆ ಹಾಡ್ತಾಳಂತೆ,’ ಎಂದು ನಮ್ಮತ್ತೆ ಬಾಗಿಲು ಮುಂದೆ ಮಾಡುತ್ತಿದ್ದರು.

ನಾನೂ ಚಿಕ್ಕಂದಿನಲ್ಲಿ ಸಂಗೀತ ಕಲಿತವಳೇ. ಹದಿಮೂರಕ್ಕೆ ದನಿ ದಪ್ಪವಾಯಿತು. ‘ಗಂಡಸಿನ ಶಾರೀರ, ಶ್ರುತಿಗೆ ಏರೋದಿಲ್ಲ,’ ಎಂದು ಮೇಷ್ಟ್ರು ಪಾಠ ನಿಲ್ಲಿಸಿದರು. ಅಲ್ಲಿಂದಾಚೆಗೆ ಯಾರ ಮುಂದೆಯೂ ಹಾಡಿರಲಿಲ್ಲ.

ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತ ಹಳೆಯ ದೇವರನಾಮವೊಂದನ್ನು ಗುನುಗುತ್ತಿದ್ದೆ. ಗೋಡೆಯಾಚೆ ಡ್ರೈವರ ಅಕ್ಕನ ತಲೆ ಕಂಡಿತು. ಬಾಯಿ ಮುಚ್ಚಿದೆ.

‘ಯಾಕಮ್ಮ ನಿಲ್ಲಿಸ್ದೆ? ಹಾಡು.’

‘ನಂದು ದಪ್ಪ ದನಿ, ಆಂಟಿ.’

‘ನಂದೇನು ಸಣ್ಣದಾ?’ ಅವರು ಜೋರಾಗಿ ನಕ್ಕರು. ‘ಇದನ್ನ ಕೇಳೋಕೇ ಜನ ಬರ್ತಾರೆ. ನೀನು ದನೀನ ಮೇಲಕ್ಕೆ ಎಳೀಬೇಡ. ಹಾಡನ್ನೇ ಕೆಳಕ್ಕೆ ತಗೊಂಬಾ.’

ಆಮೇಲೆ ಅತ್ತೆ ಮಧ್ಯಾಹ್ನ ಅಡ್ಡಾದಾಗಲೆಲ್ಲ ನಾನು ಅವರ ಅಡುಗೆಮನೆಯಲ್ಲಿರುತ್ತಿದ್ದೆ. ಅವರಿಗೆ ರಾಗ ಗೊತ್ತಿರಲಿಲ್ಲ, ನನಗೆ ಅವರ ಇಂಗ್ಲಿಷ್ ಹಾಡು ಅರ್ಥವಾಗುತ್ತಿರಲಿಲ್ಲ. ಆದರೆ ಉಸಿರನ್ನು ಎಲ್ಲಿಂದ ತೆಗೆಯಬೇಕು, ಒಂದು ಮಾತನ್ನು ಎಷ್ಟು ಹೊತ್ತು ತಡೆದು ಬಿಡಬೇಕು ಎಂಬುದನ್ನೆಲ್ಲ ಈರುಳ್ಳಿ ಹೆಚ್ಚುತ್ತಲೇ ತೋರಿಸಿಕೊಟ್ಟರು.

ಆ ವರ್ಷ ನವರಾತ್ರಿಯಲ್ಲಿ ಗೊಂಬೆ ಆರತಿಗೆ ಹಾಡಬೇಕಿದ್ದ ಹುಡುಗಿ ಬರಲಿಲ್ಲ. ನಾನು ಹಾಡಿಬಿಟ್ಟೆ. ಹೊರಟಿದ್ದ ಹೆಂಗಸರು ಬಾಗಿಲಲ್ಲೇ ನಿಂತರು. ಎಲ್ಲರೂ ಹೋದ ಮೇಲೆ ಅತ್ತೆ, ‘ಎಲ್ಲಿ ಕಲಿತೆ?’ ಎಂದರು. ಹೆದರುತ್ತಲೇ ನಿಜ ಹೇಳಿದೆ. ಅವರು ಗೊಂಬೆಯೊಂದನ್ನು ನೆಟ್ಟಗೆ ನಿಲ್ಲಿಸುತ್ತ, ‘ಆ ದೊರೆಸಾನಿಗೂ ಉಸಲಿ ಕೊಟ್ಬಾ. ಹಾಗೇ ಕೊಡ್ಬೇಡ, ತಟ್ಟೇಲಿ ಹೂವಿಡು,’ ಎಂದರು.

ಅರವತ್ತರ ದಶಕದ ನಡುವಿಗೆ ಹೋಟೆಲುಗಳಿಗೆ ಗಿಟಾರಿನ ಹುಡುಗರು ಬಂದರು. ಜಟಕಾ ತಿಂಗಳಿಗೊಮ್ಮೆಯಾಗಿ, ಆಮೇಲೆ ನಿಂತೇಹೋಯಿತು.

‘ಬೇಜಾರಾಗಲ್ವಾ ಆಂಟಿ?’

‘ಆಗುತ್ತೆ. ಶನಿವಾರ ಮಾತ್ರ.’

ಮಿಕ್ಕ ದಿನಗಳಲ್ಲಿ ಕ್ವಾರ್ಟರ್ಸಿನ ಮಕ್ಕಳನ್ನು ಕೂಡಿಸಿಕೊಂಡು ಹಾಡು ಕಲಿಸುತ್ತಿದ್ದರು. ಕ್ರಿಸ್‌ಮಸ್ಸಿಗೆ ಚರ್ಚಿನಲ್ಲಿ ಹಾಡಿದವರಲ್ಲಿ ಅರ್ಧ ಮಂದಿ ಹಣೆಗೆ ಕುಂಕುಮ ಇಟ್ಟವರೇ.

ಒಂದು ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಅವರು ತೀರಿಕೊಂಡರು. ಅವರ ತಮ್ಮ ನಮ್ಮ ಬಾಗಿಲಿಗೆ ಬಂದರು. ‘ಚರ್ಚಲ್ಲಿ ನೀವೊಂದು ಹಾಡ್ಬೇಕಂತೆ. ಅಕ್ಕ ಹೇಳ್ಬಿಟ್ಟು ಹೋಗಿದ್ದಾಳೆ. ಕನ್ನಡದ್ದೇ ಹಾಡ್ಬೇಕಂತೆ.’

ನಾನು ಅತ್ತೆಯ ಮುಖ ನೋಡಿದೆ. ಅವರಾಗಲೇ ಸೆರಗು ಹೊದ್ದು ಚಪ್ಪಲಿ ಮೆಟ್ಟುತ್ತಿದ್ದರು.

ಹಾಡು ಮುಗಿಯುವವರೆಗೆ ನಾನು ಅಳಲಿಲ್ಲ. ಹೊರಗೆ ಬಂದ ಮೇಲೆ ತಡೆಯಲಾಗಲಿಲ್ಲ. ಮುಂದಿನ ವಾರ ಆ ಮಕ್ಕಳು ಒಬ್ಬೊಬ್ಬರಾಗಿ ನಮ್ಮ ವರಾಂಡಕ್ಕೆ ಬಂದು ನಿಂತರು. ಏನು ಕೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ಅತ್ತೆಯೇ ಚಾಪೆ ಹಾಸಿ, ‘ಕೂತ್ಕೊಳ್ರೋ, ಬರ್ತಾಳೆ,’ ಎಂದರು.