ಅಡುಗೆಯಾದ ಮೇಲೆ ಬರೆದ ಹಲಗೆ

೧೯೩೬ರಲ್ಲಿ ನಾನು ಮದ್ರಾಸಿನ ಒಂದು ಇಂಗ್ಲಿಷ್ ದಿನಪತ್ರಿಕೆಗೆ ಕೊಯಮತ್ತೂರು ಜಿಲ್ಲೆಯ ವರದಿಗಾರನಾಗಿದ್ದೆ. ಮಿಲ್ಲುಗಳ ಮುಷ್ಕರ, ಹತ್ತಿಯ ಧಾರಣೆ, ಪುರಸಭೆಯ ಜಗಳ, ಇವು ನನ್ನ ದಿನದ ಕೆಲಸ. ನಮ್ಮದು ಕಿಣತ್ತುಕಡವಿನ ಹತ್ತಿರ ಬೇಸಾಯದ ಮನೆ. ಮನೆಮಾತು ಕನ್ನಡವಾದರೂ ಕನ್ನಡದ ಅಕ್ಷರ ಕಲಿತದ್ದು ಎಷ್ಟೋ ವರ್ಷಗಳ ಮೇಲೆ, ಮೈಸೂರಿಗೆ ವರ್ಗವಾದಾಗ. ಹಾಗಾಗಿ ಈ ಘಟನೆಯನ್ನು ನಾನು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ, ಹದಿನಾಲ್ಕು ಸಾಲುಗಳಲ್ಲಿ. ಆ ಸಾಲುಗಳಲ್ಲಿ ಹಿಡಿಸದೆ ಉಳಿದದ್ದು ಇಲ್ಲಿದೆ.

ಕೊಯಮತ್ತೂರಿನ ನೇಕಾರರ ಬೀದಿಯೊಂದರ ಬಾಡಿಗೆ ಮನೆಯಲ್ಲಿ ಮಹಿಳಾ ಸಮಾಜವೊಂದು ಅಡುಗೆ ಶಾಲೆ ನಡೆಸುತ್ತಿತ್ತು. ಹನ್ನೊಂದು ಜನ ವಿದ್ಯಾರ್ಥಿನಿಯರು. ಹೆಚ್ಚಿನವರು ಕನ್ನಡ ಮಾತಾಡುವ ನೇಯ್ಗೆಯ ಮನೆಗಳ ಹೆಂಗಸರು. ಮಿಲ್ಲಿನ ಬಟ್ಟೆ ಬಂದು ಮನೆಯ ಮಗ್ಗ ನಿಂತವರು. ವಾರಕ್ಕೊಮ್ಮೆ, ಬುಧವಾರ, ಅವರೇ ಅಡುಗೆ ಮಾಡಿ, ಅವರೇ ಬಡಿಸಿ, ಸಮಾಜದ ಸದಸ್ಯರಿಗೆ ಊಟ ಹಾಕುತ್ತಿದ್ದರು. ಈ ಊಟದ ಮನೆಯನ್ನು ದಿನವೂ ಎಲ್ಲರಿಗೂ ತೆರೆಯಲು ಪುರಸಭೆಯ ಲೈಸೆನ್ಸ್ ಬೇಕಿತ್ತು. ಮಗ್ಗದ ಕೈಗೆ ಸೌಟು ಕೊಟ್ಟರೆ ಊರಿನ ಹೊಟ್ಟೆ ಕೆಡುತ್ತದೆ ಎಂದು ಹತ್ತಿರದ ಹೋಟೆಲಿನವರು ಅರ್ಜಿ ಹಾಕಿದ್ದರು. ಆದ್ದರಿಂದ ಆರೋಗ್ಯಾಧಿಕಾರಿಗಳು ತಾವೇ ಬಂದು, ಅಡುಗೆಮನೆ ನೋಡಿ, ಊಟ ಮಾಡಿ ತೀರ್ಮಾನಿಸುವುದೆಂದು ನಿಶ್ಚಯವಾಯಿತು. ನನಗೂ ಕರೆ ಬಂತು.

ಅಂದು ಬೆಳಿಗ್ಗೆ ಜಟಕಾದಲ್ಲಿ ಕೂತೇ ನಾನು ವರದಿಯ ಮೊದಲ ವಾಕ್ಯ ಬರೆದುಕೊಂಡೆ. ಪತ್ರಿಕೆಯವರು ಇದನ್ನು ಲೀಡ್ ಎನ್ನುತ್ತಾರೆ. ಇಡೀ ಸುದ್ದಿ ಅದರೊಳಗೆ ಕೂತಿರಬೇಕು. ‘ನೇಕಾರ ಮನೆಗಳ ಮಹಿಳೆಯರು ಬುಧವಾರ ಅಚ್ಚುಕಟ್ಟಾದ ಊಟ ಬಡಿಸಿ ಅಧಿಕಾರಿಗಳ ಮೆಚ್ಚುಗೆ ಪಡೆದರು’ ಎಂಬ ಅರ್ಥದ ವಾಕ್ಯ. ಅದರ ಕೆಳಗೆ ಊಟದ ವರ್ಣನೆಯ ಒಂದೆರಡು ಸಾಲು. ಮಧ್ಯಾಹ್ನದ ತಂತಿಗೆ ಸಮಯ ಉಳಿಯುತ್ತದೆ ಎಂಬ ಲೆಕ್ಕ.

ಹತ್ತು ಗಂಟೆಗೆ ಶಾಲೆ ತಲುಪಿದೆ. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಊಟದ ಪಟ್ಟಿ ಆಗಲೇ ಬರೆದಿತ್ತು: ಅನ್ನ, ಸಾಂಬಾರು, ರಸಂ, ಅವರೆಕಾಯಿ ಪಲ್ಯ, ಮಜ್ಜಿಗೆ. ಶಾಲೆಯ ಟೀಚರ್ ಸಾವಿತ್ರಮ್ಮ ಧಾರಾಪುರಂ ಕಡೆಯವರು, ಹಾಸ್ಟೆಲ್ ಒಂದರಲ್ಲಿ ಬಹುಕಾಲ ಅಡುಗೆಯ ಉಸ್ತುವಾರಿ ನೋಡಿದವರು. ನನ್ನನ್ನು ಒಳಗೆ ಕರೆದೊಯ್ದು ಒಲೆಯ ಮುಂದೆ ನಿಂತಿದ್ದ ಹೆಂಗಸನ್ನು ತೋರಿಸಿದರು. ‘ಇವಳು ರಂಗಮ್ಮ. ಲೈಸೆನ್ಸ್ ಸಿಕ್ಕಿದ್ರೆ ಇಲ್ಲಿ ದೊಡ್ಡ ಅಡುಗೆ ಇವಳದೇ.’

ರಂಗಮ್ಮನಿಗೆ ಮೂವತ್ತೈದರ ಆಸುಪಾಸು. ಗಂಡ ತೀರಿಕೊಂಡಿದ್ದ. ಭಾವನ ಮನೆಯಲ್ಲಿ ದಿನವಿಡೀ ನೂಲು ಸುತ್ತಿ ಎರಡು ಹೊತ್ತು ಊಟ ಮಾಡುತ್ತಿದ್ದವಳು.

‘ಸಿಗದಿದ್ರೆ?’ ಎಂದೆ.

‘ಭಾವ ರಾಟೆಗೆ ಎಣ್ಣೆ ಬಿಟ್ಟು ಕಾಯ್ತಾ ಕೂತಿದಾರೆ ಪೇಪರಣ್ಣ’ ಎಂದಳು, ತಿರುಗಿ ನೋಡದೆ. ‘ನಾನು ಹೋಗಲ್ಲ.’

ಮೂವತ್ತು ಎಲೆಯ ಅನ್ನ ಅವಳ ಪಾಲಿನ ಕೆಲಸ. ಅಂಡೆಯಲ್ಲಿ ಅಕ್ಕಿ ಕುದಿಯುತ್ತಿತ್ತು. ಅವಳು ಆಗಾಗ ಸೌಟಿನಲ್ಲಿ ಗಂಜಿ ಎತ್ತಿ, ಆರಿಸಿ, ಹೆಬ್ಬೆರಳಿಗೂ ತೋರುಬೆರಳಿಗೂ ಹಚ್ಚಿ ಬೆರಳು ಬಿಡಿಸಿ ನೋಡುತ್ತಿದ್ದಳು. ಶಾಲೆಯಲ್ಲಿ ಕಲಿಸಿದ ಪರೀಕ್ಷೆ ಇರಬೇಕೆಂದು ನಾನು ಅದನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ.

ಹನ್ನೊಂದೂಕಾಲಿಗೆ ಸಾವಿತ್ರಮ್ಮ ಬಂದವರು ಅಲ್ಲೇ ನಿಂತರು. ‘ಏನಮ್ಮ ನೋಡ್ತಿದೀಯಾ?’

‘ಗಂಜಿ ಇನ್ನೂ ಎಳೆ ಬಂದಿಲ್ಲ ಟೀಚರ್.’

ಹೇಳಿದ ಮೇಲೆ ರಂಗಮ್ಮನಿಗೇ ಅರ್ಥವಾಯಿತು. ಕೈ ಸೌಟಿನ ಸಮೇತ ನಿಂತಿತು.

ಓದುಗರಿಗೆ ಇಷ್ಟು ವಿವರಿಸಬೇಕು. ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ನೂಲಿಗೆ, ಎಂದರೆ ಉದ್ದನೆಯ ಎಳೆಗಳಿಗೆ, ಗಂಜಿ ಹಚ್ಚಬೇಕು. ಇಲ್ಲದಿದ್ದರೆ ನೇಯುವಾಗ ಕಿತ್ತುಹೋಗುತ್ತವೆ. ರಂಗಮ್ಮ ಬೆಳೆದ ಮನೆಯಲ್ಲಿ ಅನ್ನ ಬಸಿದ ಗಂಜಿಯೇ ಅದಕ್ಕೆ ಬಳಕೆ. ಗಂಜಿ ಬೆರಳ ನಡುವೆ ಎಳೆಯಾಗಿ ನಿಲ್ಲುವ ತನಕ ಒಲೆ ಆರಿಸುವುದಿಲ್ಲ. ಅಷ್ಟರಲ್ಲಿ ಅನ್ನ ಒಡೆದು ಮೆತ್ತಗಾಗಿರುತ್ತದೆ. ಮನೆಯವರು ಅದನ್ನೇ ಉಣ್ಣುತ್ತಾರೆ. ಐದು ತಿಂಗಳು ಶಾಲೆಯಲ್ಲಿ ಅಗುಳು ಹಿಸುಕಿ ನೋಡಲು ಕಲಿತಿದ್ದವಳು, ಅಧಿಕಾರಿ ಬರುವ ದಿನದ ಗಾಬರಿಯಲ್ಲಿ, ಇಪ್ಪತ್ತು ವರ್ಷದ ಅಭ್ಯಾಸಕ್ಕೆ ಕೈ ಒಪ್ಪಿಸಿದ್ದಳು.

ಬಸಿದು ನೋಡಿದರು. ಅಗುಳಿಗೆ ಅಗುಳು ಸೇರಿ ಹೋಗಿತ್ತು. ತರಕಾರಿ ಹೆಚ್ಚುತ್ತಿದ್ದ ನಂಜಮ್ಮ, ಅವರಲ್ಲೆಲ್ಲ ಹಿರಿಯಳು, ಬಗ್ಗಿ ನೋಡಿ ಹೇಳಿದಳು: ‘ಇದ್ರಲ್ಲಿ ಹಾಸು ಅದ್ದಿದ್ರೆ ಸೀರೆ ತಾನೇ ಎದ್ದು ನಡ್ಕೊಂಡು ಹೋಗುತ್ತೆ ಕಣೆ.’

ಮತ್ತೆ ಅಕ್ಕಿ ಇಡೋಣವೆಂದರೆ ಉಗ್ರಾಣಕ್ಕೆ ಬೀಗ. ಬೀಗದ ಕೈ ಸಮಾಜದ ಕಾರ್ಯದರ್ಶಿಗಳ ಹತ್ತಿರ. ಅವರು ಅಧಿಕಾರಿಯನ್ನು ಕರೆತರಲು ಹೋಗಿದ್ದರು. ಉಳಿದದ್ದು ನಲವತ್ತೈದು ನಿಮಿಷ.

‘ಮೂಲೆ ಹೋಟೆಲಲ್ಲಿ ಅನ್ನ ತರಿಸಿಬಿಡೋಣ’ ಎಂದರು ಸಾವಿತ್ರಮ್ಮ, ತಗ್ಗಿದ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿದರು. ‘ಸಾರ್, ಇದನ್ನೂ ಬರೀತೀರಾ?’

‘ಬರೀತೀನಿ ಅಮ್ಮ. ಇನ್ನು ಮುಂದೆ ಆಗೋದನ್ನೂ ಬರೀತೀನಿ.’

ರಂಗಮ್ಮ ಸೆರಗು ಬಿಗಿದಳು. ‘ಹೋಟೆಲ್ ಅನ್ನ ಬೇಡ ಟೀಚರ್. ಅವರ ಅನ್ನ ಹಾಕಿ ನಮ್ಮ ಕೈ ಅಂತ ಹೇಳಿದ್ರೆ ಅವರ ಅರ್ಜೀನ ನಾವೇ ಗೆಲ್ಲಿಸಿದಂಗೆ. ನಂಜಕ್ಕ, ಸಾಂಬಾರಿಗೆ ಬೇಳೆ ಬೆಂದಿದೆಯಾ?’

‘ಬೆಂದಿದೆ. ಹುಳಿ ಹಾಕಿಲ್ಲ.’

‘ಹಾಕ್ಬೇಡಿ. ಹಂಗೇ ಕೊಡಿ.’

ಕೊಯಮತ್ತೂರು ಸೀಮೆಯ ಬೇಸಾಯದ ಮನೆಗಳಲ್ಲಿ ಅಕ್ಕಿ ಬೇಳೆ ಒಟ್ಟಿಗೆ ಮೆತ್ತಗೆ ಬೇಯಿಸಿ ಉಣ್ಣುವುದುಂಟು. ತಮಿಳಿನಲ್ಲಿ ಅರಿಸಿ ಪರುಪ್ಪು ಸಾದಂ. ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಅದೇ. ರಂಗಮ್ಮ ಅನ್ನವನ್ನು ಅಗಲವಾದ ತಟ್ಟೆಗಳಿಗೆ ಹರವಿ ಹಬೆ ಬಿಡಿಸಿದಳು. ಬೇಳೆ ಬೆರೆಸಿದಳು. ಇನ್ನಿಬ್ಬರು ಸಣ್ಣ ಈರುಳ್ಳಿ, ಬೆಳ್ಳುಳ್ಳಿ ಸುಲಿದು ಕೊಟ್ಟರು, ಒಗ್ಗರಣೆ ಬಿತ್ತು, ಮೇಲೆ ತುಪ್ಪ. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಅವಳು ಹೊರಗೆ ಹೋಗಿ ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದಳು. ಅವಳಿಗೆ ಬರೆಯಲು ಬಾರದು. ಸಾವಿತ್ರಮ್ಮ ಹೊಸ ಪಟ್ಟಿ ಬರೆಯುವಷ್ಟರಲ್ಲಿ ಜಟಕಾ ಬಂದು ನಿಂತಿತು.

ಆರೋಗ್ಯಾಧಿಕಾರಿ ಹೆಚ್ಚು ಮಾತಿನ ಮನುಷ್ಯರಲ್ಲ. ನೀರಿನ ಹಂಡೆ, ಬಚ್ಚಲು, ಪಾತ್ರೆ ತೊಳೆಯುವ ಕಟ್ಟೆ ನೋಡಿದರು. ಹೊರಗೆ ಬಂದು ಹಲಗೆಯ ಮೇಲೆ ಬೆರಳಿಟ್ಟರು. ಹಲಗೆ ಇನ್ನೂ ತೇವವಾಗಿತ್ತು.

‘ಈಗ ಬದಲಾಯಿಸಿದ್ದೇಕೆ?’ ಎಂದು ತಮಿಳಿನಲ್ಲಿ ಕೇಳಿದರು.

ಸಾವಿತ್ರಮ್ಮ ಬಾಯಿ ತೆರೆಯುವ ಮುಂಚೆ ರಂಗಮ್ಮ ಮುಂದೆ ಬಂದಳು. ಅವಳೂ ತಮಿಳಿನಲ್ಲೇ ಉತ್ತರ ಕೊಟ್ಟಳು. ‘ಅನ್ನ ಮುದ್ದೆಯಾಗಿಹೋಯ್ತು ಅಯ್ಯಾ. ತಪ್ಪು ನನ್ನದು. ಎಸೆಯೋ ಹಂಗಿರಲಿಲ್ಲ, ಅದಕ್ಕೆ ಬೇಳೆ ಸೇರಿಸಿ ಬೇರೆ ಮಾಡಿದೀನಿ. ನೀವು ತಿಂದು ಹೇಳಿ.’

ಕಾರ್ಯದರ್ಶಿಗಳ ಮುಖ ಬಿಳುಚಿತು. ಅಧಿಕಾರಿ ಎಲೆಯ ಮುಂದೆ ಕೂತರು. ನಾನು ಎರಡು ಎಲೆ ಆಚೆ. ಅನ್ನ ನಮ್ಮ ಮನೆಯದಕ್ಕಿಂತ ಮೆತ್ತಗಿತ್ತು, ಅದನ್ನು ಮುಚ್ಚಿಡಲಾರೆ. ರುಚಿಯಲ್ಲಿ ಕೊರತೆ ಇರಲಿಲ್ಲ. ಅಧಿಕಾರಿ ಎರಡನೆಯ ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದು ಒಂದೇ ಪ್ರಶ್ನೆ ಕೇಳಿದರು: ‘ನಾಳೆಯೂ ಹೀಗೇ ಆದರೆ?’

‘ನಾಳೆ ಅನ್ನ ನೋಡ್ತೀನಿ’ ಎಂದಳು ರಂಗಮ್ಮ. ‘ಗಂಜಿ ನೋಡಲ್ಲ.’

ಲೈಸೆನ್ಸ್ ಮೂರು ತಿಂಗಳ ಮಟ್ಟಿಗೆ, ಒಂದು ಷರತ್ತಿನ ಮೇಲೆ ಸಿಕ್ಕಿತು. ಹಲಗೆಯ ಮೇಲೆ ಪಟ್ಟಿ ಬರೆಯುವುದು ಅಡುಗೆ ಮುಗಿದ ಮೇಲೆಯೇ.

ನಾನು ತಂತಿ ಕಚೇರಿಯಲ್ಲಿ ಕೂತು ಬೆಳಗಿನ ವಾಕ್ಯಕ್ಕೆ ಅಡ್ಡಗೀಟು ಎಳೆದೆ. ಅನ್ನ ಕೆಟ್ಟದ್ದನ್ನು ಮೊದಲ ಸಾಲಿನಲ್ಲಿ, ಅದನ್ನು ಅವರು ತಾವೇ ಹೇಳಿದ್ದನ್ನು ಎರಡನೆಯದರಲ್ಲಿ ಬರೆದೆ. ವರದಿ ಅಚ್ಚಾದ ದಿನ ಮೂಲೆ ಹೋಟೆಲಿನವರು ಮೊದಲ ಸಾಲನ್ನು ಮಾತ್ರ ಕತ್ತರಿಸಿ ಗೋಡೆಗೆ ಅಂಟಿಸಿದರು.

ಮುಂದಿನ ವಾರ ಊಟಕ್ಕೆ ಹೋಗಲು ನನಗೆ ಸಂಕೋಚವಿತ್ತು. ಹೋದೆ. ರಂಗಮ್ಮ ಬಡಿಸುತ್ತ ನನ್ನ ಎಲೆಯ ಮುಂದೆ ನಿಂತಳು.

‘ಟೀಚರ್ ಓದಿ ಹೇಳಿದ್ರು ಪೇಪರಣ್ಣ. ಒಂದು ತಪ್ಪು ಬರೆದಿದೀರ.’

‘ಯಾವುದು?’

‘ಒಗ್ಗರಣೆಗೆ ಸಾಸಿವೆ ಅಂತ ಬರೆದಿದೀರಂತೆ. ನಾನು ಹಾಕಿದ್ದು ಜೀರಿಗೆ, ಮೆಣಸು.’

ಪುಸ್ತಕ ತೆಗೆದು ನೋಡಿದೆ. ಸಾಸಿವೆ ಎಂದು ಬರೆದದ್ದು ಬೆಳಿಗ್ಗೆ, ಜಟಕಾದಲ್ಲಿ. ಒಗ್ಗರಣೆ ಎಂದ ಮೇಲೆ ಸಾಸಿವೆ ಇದ್ದೇ ಇರುತ್ತದೆಂದು. ಮೊದಲ ವಾಕ್ಯಕ್ಕೆ ಗೀಟು ಎಳೆದವನು ಅದನ್ನು ಹಾಗೇ ಬಿಟ್ಟಿದ್ದೆ. ಮರುದಿನ ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಸಂಪಾದಕರು ನಕ್ಕರಂತೆ, ಆದರೆ ಅಚ್ಚು ಹಾಕಿದರು.

ಆಮೇಲೆ ಮೂವತ್ತು ವರ್ಷ ಆ ಕೆಲಸದಲ್ಲಿದ್ದೆ. ಸುದ್ದಿಗೆ ಹೋಗುವ ದಾರಿಯಲ್ಲಿ ಒಂದು ಸಾಲನ್ನೂ ಬರೆಯಲಿಲ್ಲ. ಕೊಯಮತ್ತೂರಿನಲ್ಲಿ ಇದ್ದಷ್ಟು ಕಾಲ, ಹನ್ನೊಂದೂವರೆಗೆ ಆ ಬೀದಿಯಲ್ಲಿ ಹಾದುಹೋದರೆ ಒಳಗೆ ಒಲೆ ಉರಿಯುತ್ತಿರುತ್ತಿತ್ತು, ಬಾಗಿಲಲ್ಲಿ ಹಲಗೆ ಖಾಲಿ ಇರುತ್ತಿತ್ತು. ಮೂರು ತಿಂಗಳ ಷರತ್ತು ಮುಗಿದು ಎಷ್ಟೋ ಕಾಲವಾದ ಮೇಲೂ.