ನಾಲ್ಕು ಕೊಡ ಹೊಳೆ ನೀರು

ನಮ್ಮ ಓಣಿಯಲ್ಲಿ ಅದಕ್ಕೆ ‘ಉದ್ದನ ಗಾಡಿ’ ಎಂದೇ ಹೆಸರು. ಡಿಕ್ಕಿ ಇರಬೇಕಾದ ಕಡೆ ಒಂದು ಸಣ್ಣ ಕೋಣೆಯನ್ನೇ ಹೊತ್ತಿರುವ ಹಳೆಯ ಸ್ಟೇಷನ್ ವ್ಯಾಗನ್. ರಾಯಚೂರಿನಿಂದ ದೇವದುರ್ಗದ ಶಾಲೆಗೆ ಪಾಠ ಹೇಳಲು ಹೋಗಿಬರುವ ನನಗೆ ಗಟ್ಟಿ ಗಾಡಿ ಬೇಕಿತ್ತು. ಸೊಂಟದ ಆಪರೇಷನ್ ಆದ ನನ್ನ ಅವ್ವನಿಗೆ ಬಾಗದೆ, ಕುರ್ಚಿಯಲ್ಲಿ ಕೂತಂತೆ ಕೂಡಲು ಬರುವ ಎತ್ತರದ ಸೀಟು ಬೇಕಿತ್ತು. ಎರಡೂ ಇದರಲ್ಲಿ ಸಿಕ್ಕವು. ಇದ್ದ ಐಬು ಒಂದೇ. ತಿರುವು ಬಂದರೆ ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು.

ಅವ್ವನ ತವರು ಮಾನವಿ ತಾಲೂಕಿನ ಚೀಕಲಪರ್ವಿ, ತುಂಗಭದ್ರೆಯ ದಂಡೆ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ನೀರಲ್ಲಿ ಕಾಲು ಇಳಿಬಿಟ್ಟು ಕೂತು, ನಾಲ್ಕು ತಾಮ್ರದ ಕೊಡಗಳಲ್ಲಿ ಮಡಿನೀರು ತಂದು ಮನೆ ದೇವರಿಗೆ ಅಭಿಷೇಕ ಮಾಡಿಸುವುದು ಅವಳ ನೇಮ. ಆಪರೇಷನ್ ಆದ ಮೇಲೆ ಗೋಡೆ ಹಿಡಿದು ನಡೆಯುವುದನ್ನು ಹಠ ಹಿಡಿದು ಕಲಿತದ್ದೂ ಆ ಹೊಳೆಗಾಗಿಯೇ. ಮಡಿನೀರನ್ನು ಕಂಡವರೆಲ್ಲ ಕೂತೆದ್ದ ಸೀಟಿನ ಪಕ್ಕ ಇಡುವಂತಿಲ್ಲವಲ್ಲ. ಅದಕ್ಕೆ ನಾನೇ ತಲೆ ಓಡಿಸಿ ಗಾಡಿಯ ನೆತ್ತಿಯ ಮೇಲೆ ಕ್ಯಾರಿಯರ್ ಕೂಡಿಸಿ, ಕೊಡಗಳಿಗೆಂದು ನಾಲ್ಕು ಕಬ್ಬಿಣದ ಬಳೆ ವೆಲ್ಡಿಂಗ್ ಮಾಡಿಸಿದ್ದೆ. ನಾನು ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲಿ ಸ್ಟೂಲಿನ ಮೇಲೆ ನಿಂತು ತುಂಬುವುದು, ಮನೆಗೆ ಬಂದು ಮತ್ತೆ ಮಿಂದು ಇಳಿಸುವುದು. ಈ ಏರ್ಪಾಟನ್ನು ಅವ್ವ ಮೆಚ್ಚಿದ್ದಳು. ಅವಳಿಗಿಂತ ಹೆಚ್ಚು ನಾನೇ ಮೆಚ್ಚಿಕೊಂಡಿದ್ದೆ.

ಒಮ್ಮೆ ವಾಪಸು ಬರುವಾಗ, ಮಾನವಿ ದಾಟಿದ ಮೇಲೆ, ಹತ್ತಿ ಹೇರಿದ ಟ್ರ್ಯಾಕ್ಟರ್ ಒಂದು ಹೊಲದ ದಾರಿಯಿಂದ ಸೀದಾ ರಸ್ತೆಗೆ ನುಗ್ಗಿತು. ಸ್ಟೇರಿಂಗ್ ತಿರುವಿದೆ. ಗಾಡಿ ಒಂದು ಮಗ್ಗುಲಿಗೆ ವಾಲಿ, ಇನ್ನೊಂದು ಮಗ್ಗುಲಿಗೆ ವಾಲಿ, ಏನೋ ಯೋಚನೆ ಮಾಡಿದಂತೆ ತಡೆದು, ಕೊನೆಗೆ ನೆಟ್ಟಗಾಯಿತು. ಯಾರಿಗೂ ಏನೂ ಆಗಲಿಲ್ಲ. ಮನೆ ಮುಟ್ಟಿದ ಮೇಲೆ ಅವ್ವ ಮೆಟ್ಟಿಲ ಬಳಿ ನನ್ನ ತೋಳು ಹಿಡಿದು ನಿಂತು ಹೇಳಿದಳು.

“ಇನ್ನ ನನಗ ಹೊಳಿ ಸಾಕವಾ.”

ಮರುದಿನವೇ ಗಾಡಿ ಶೃಂಗಾರ ಮಾಡುವ ಅಂಗಡಿಯೊಂದಕ್ಕೆ ಹೋದೆ. ಸ್ಪ್ರಿಂಗ್ ಕತ್ತರಿಸಿ ಗಾಡಿಯನ್ನು ಕೆಳಗಿಳಿಸಿದರೆ ನೆಲ ಕಚ್ಚಿಕೊಂಡು ಓಡುತ್ತದೆ ಎಂದು ಅಂಗಡಿಯವನು ಹುರುಪಿನಿಂದ ವಿವರಿಸಿದ. ಕೆಳಗಿಳಿದ ಸೀಟಿನಿಂದ ನಮ್ಮವ್ವನನ್ನು ಎಬ್ಬಿಸಲು ನೀನು ಬರುತ್ತೀಯಾ ಎಂದು ಕೇಳಿ ಹೊರಬಿದ್ದೆ. ಹೊಳೆಗಿಳಿಯುವ ಕಲ್ಲು ದಾರಿಗೆ ಗಾಡಿಯ ಹೊಟ್ಟೆ ತಗಲುವ ಮಾತು ಅವನ ಹತ್ತಿರ ಎತ್ತುವುದೇ ದಂಡ ಅನಿಸಿತ್ತು.

ತೀನ್ ಕಂದೀಲ್ ಸರ್ಕಲ್ ಹತ್ತಿರ ನಮ್ಮ ಮೆಕ್ಯಾನಿಕ್ ಇದ್ದಾನೆ. ಮನೆಯವರೊಂದಿಗೆ ದಖ್ಖನಿ, ನನ್ನೊಂದಿಗೆ ಕನ್ನಡ, ಗಾಡಿಯೊಂದಿಗೆ ಬೈಗುಳ. ನಾನು ಹೇಳಿದ್ದನ್ನೆಲ್ಲ ಕೇಳಿ, ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟು, ಅದು ಕುಣಿಯುವುದನ್ನು ನೋಡಿದ.

“ಎತ್ತರಕ್ಕ ಕೈ ಹಚ್ಚಂಗಿಲ್ರಿ ಟೀಚರಮ್ಮ. ಅಲಗಾಟಕ್ಕಷ್ಟ ಔಷಧ ಹಾಕ್ತೀನಿ.”

ಹಾಕಿದ. ಸತ್ತುಹೋದ ಶಾಕ್ ಅಬ್ಸಾರ್ಬರ್ ಕಿತ್ತು ಹೊಸವನ್ನು ಕೂಡಿಸಿದ. ಬಿರುಕು ಬಿಟ್ಟ ರಬ್ಬರ್ ಬುಷ್‌ಗಳನ್ನೆಲ್ಲ ಬದಲಿಸಿದ. ಗಾಡಿ ವಾಲದಂತೆ ಎರಡು ಗಾಲಿಗಳ ನಡುವೆ ಹಿಡಿದಿಡುವ ಕಬ್ಬಿಣದ ಸಳಿ ತೆಳ್ಳಗಿದೆ ಎಂದು ಹೈದರಾಬಾದಿನಿಂದ ದಪ್ಪನೆಯದನ್ನು ತರಿಸಿದ. ಅದು ಬರುವುದು ತಡವಾಗಿ ನಾನು ಎರಡು ಸಲ ಜಗಳ ಕಾದೆ. ಎರಡು ಸಲವೂ ಚಹಾ ಕುಡಿಸಿ ಕಳಿಸಿದ. ಟೈರು ಹೊಸವು, ಅಲೈನ್‌ಮೆಂಟ್ ಹೊಸದು. ದೇವದುರ್ಗದ ರಸ್ತೆಯಲ್ಲಿ ಓಡಿಸಿ ನೋಡಿದರೆ ಬೇರೆಯವರ ಗಾಡಿ ತಂದೆನೇನೋ ಎಂಬ ಅನುಮಾನ. ತಿರುವಿನಲ್ಲಿ ಹಾಡು ಗುನುಗುವಷ್ಟು ಧೈರ್ಯ ಬಂತು.

ಅವ್ವನನ್ನು ಒಪ್ಪಿಸುವುದು ದೇವದುರ್ಗದ ರಸ್ತೆಯಷ್ಟು ಸಲೀಸಾಗಲಿಲ್ಲ. ಕಡೆಗೆ ಬಂದಳು, ಧಾಬಳಿ ತೊಡೆಯ ಮೇಲೆ ಹೊದ್ದುಕೊಂಡು. ಉಣ್ಣೆಯ ಈ ಹೊದಿಕೆಗೆ ನಮ್ಮಲ್ಲಿ ಮೈಲಿಗೆಯಿಲ್ಲ. ಚೀಕಲಪರ್ವಿ ಮುಟ್ಟುವವರೆಗೆ ಗಾಡಿ ಮಿಸುಕಾಡಲಿಲ್ಲ. ಅವ್ವ ಹೊಳೆಯಲ್ಲಿ ಕಾಲಿಟ್ಟು ಬಹಳ ಹೊತ್ತು ಕೂತಳು. ನಾನು ಮಿಂದು ನಾಲ್ಕೂ ಕೊಡ ತುಂಬಿದೆ.

ಬರುವಾಗ ಮೊದಲ ತಿರುವಿನಲ್ಲೇ ತೊಟ್ಟಿಲು ಮತ್ತೆ ತೂಗಿತು. ಮೊದಲಿನಷ್ಟಲ್ಲ, ಆದರೂ ಅವ್ವನ ಕೈ ಮುಂದಿನ ಸೀಟನ್ನು ಬಿಗಿ ಹಿಡಿದದ್ದು ಕನ್ನಡಿಯಲ್ಲಿ ಕಂಡಿತು. ನಾನು ಮೆಕ್ಯಾನಿಕ್‌ನ ವಂಶವನ್ನೆಲ್ಲ ನೆನೆಯತೊಡಗಿದೆ. ಅವ್ವ ಗಾಡಿ ನಿಲ್ಲಿಸು ಎಂದಳು.

“ಹೋಗೋವಾಗ ಸುಮ್ಮನಿತ್ತು, ಬರೋವಾಗ ಆಡಾಕತ್ತದ. ಅವಗ್ಯಾಕ ಬೈತಿ? ಸಣ್ಣಾಕಿದ್ದಾಗ ಹೊಳಿಂದ ನೀರು ತರ್ತಿದ್ದೆ. ತಲಿ ಮ್ಯಾಲ ಕೊಡ ಇದ್ರ ಹೊಳ್ಳಿ ನೋಡಾಕೂ ಆಗ್ತಿದ್ದಿಲ್ಲ. ಟೊಂಕದ ಮ್ಯಾಲಿದ್ರ ಓಡ್ತಿದ್ದೆ. ಕೊಡ ಕೆಳಗ ಇಳಸು.”

ನಾಲ್ಕು ತುಂಬಿದ ಕೊಡ ನೆತ್ತಿಯ ಮೇಲಿಟ್ಟುಕೊಂಡು ಗಾಡಿ ನೆಟ್ಟಗೆ ನಡೆಯಲಿ ಎಂದು ನಾವು ಬಯಸಿದ್ದೆವು. ಗ್ಯಾರೇಜಿಗೆ ಹೋಗುವಾಗ ಮೇಲೆ ಬರೀ ಬಳೆ ಇರುತ್ತಿದ್ದವು. ಅವನಿಗಾದರೂ ಹೇಗೆ ಗೊತ್ತಾಗಬೇಕು? ಆದರೆ ಸ್ಟೇರಿಂಗ್ ಹಿಡಿದು ಬಂದ ಕೈಯಿಂದ ಮಡಿನೀರು ಮುಟ್ಟುವುದೆಂತು ಎಂದು ಅನುಮಾನಿಸುತ್ತಲೇ ಸ್ಟೂಲು ಹತ್ತಿದೆ. ಮೊದಲ ಕೊಡ ವಾಲಿ ಅರ್ಧ ಹೊಳೆ ನನ್ನ ತಲೆಯ ಮೇಲೆ ಸುರಿಯಿತು.

“ಛಲೋ ಆತು. ಈಗ ನೀನೂ ಮಡಿ,” ಎಂದಳು ಅವ್ವ.

ತೊಡೆಯ ಮೇಲಿನ ಧಾಬಳಿ ತೆಗೆದು ಹಿಂದಿನ ಕೋಣೆಯ ನೆಲಕ್ಕೆ ಹಾಸಿಸಿದಳು. ಕೊಡಗಳನ್ನು ಅದರ ಮೇಲೆ ಒತ್ತೊತ್ತಾಗಿ ಕೂಡಿಸಿ ಹೊರಟೆವು. ಒದ್ದೆ ಬಟ್ಟೆಯಲ್ಲಿ ನಾನು ನಡುಗುತ್ತಿದ್ದೆ, ಗಾಡಿ ನಡುಗಲಿಲ್ಲ. ರಾಯಚೂರು ಬರುವಷ್ಟರಲ್ಲಿ ಅವ್ವ ಗೊರಕೆ ಹೊಡೆಯುತ್ತಿದ್ದಳು.

ವಿಷಯ ಕೇಳಿ ಮೆಕ್ಯಾನಿಕ್ ನಕ್ಕು ನಕ್ಕು ಕೆಮ್ಮಿದ. ಆಮೇಲೆ ಕ್ಯಾರಿಯರ್ ಕಿತ್ತು ಹಾಕಿ, ಹಿಂಭಾಗದ ನೆಲಕ್ಕೆ ಹಲಗೆ ಜೋಡಿಸಿ, ನಾಲ್ಕು ಕೊಡ ಅಲ್ಲಾಡದೆ ಕೂಡಲು ನಾಲ್ಕು ಗುಂಡಿ ಕೊರೆಸಿಕೊಟ್ಟ. ಅಳತೆಗೆ ಕೊಡ ಬೇಕೆಂದು ಮಾತ್ರ ಕೇಳಲಿಲ್ಲ. ಮುಟ್ಟುವುದು ಬೇಡವೆಂದು ನಾವು ಹೇಳುವ ಮೊದಲೇ, ಟೇಪು ನನ್ನ ಕೈಗೆ ಕೊಟ್ಟು ಅಳೆದು ಬರಲು ಹೇಳಿದ್ದ.

ಮುಂದಿನ ತಿಂಗಳು ನೀರು ತುಂಬಿಕೊಂಡು ಬರುವಾಗ ಅವ್ವ ಮನೆಗೆ ಹೋಗಗೊಡದೆ ಗ್ಯಾರೇಜಿನ ಮುಂದೆ ನಿಲ್ಲಿಸಿದಳು. ಕೋಲೂರಿ ತಾನೇ ಹಿಂದೆ ನಡೆದು ಬಾಗಿಲು ಎತ್ತಿಸಿದಳು. ದೇವರಿಗೆ ಏರುವ ಮೊದಲು ಆ ನೀರಿನ ಹನಿಯನ್ನೂ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಹಾಕಿದ್ದಿಲ್ಲ. ಒಂದು ತಂಬಿಗೆ ತುಂಬಿಕೊಂಡು ಅವನನ್ನು ಕರೆದಳು. ಅವನು ಎಣ್ಣೆಗೈ ಒರೆಸಿಕೊಳ್ಳುತ್ತ ಬಂದು, ದೇವರ ನೀರಲ್ಲವೇನಮ್ಮಾ ಎಂದು ಹಿಂಜರಿದ.

“ಕುಡಿ ಯಪ್ಪಾ. ದೇವರು ಮನ್ಯಾಗ ಇರ್ತಾನ, ಎಲ್ಲಿ ಹೋಗ್ತಾನ. ನನ್ನ ಹೊಳಿಗಿ ಮುಟ್ಟಿಸಿದಾವ ನೀನು.”

ಅವನು ಬೊಗಸೆಯೊಡ್ಡಿದ. ಅವ್ವ ಮೇಲಿನಿಂದ ಎತ್ತಿ ಸುರಿಯಲಿಲ್ಲ. ತಂಬಿಗೆಯನ್ನೇ ಅವನ ಕೈಯಲ್ಲಿಟ್ಟಳು.

ಆ ದಿನ ನಮ್ಮ ದೇವರಿಗೆ ಅಭಿಷೇಕವಾದದ್ದು ಅವನು ಕುಡಿದು ಮಿಕ್ಕ ನೀರಿನಲ್ಲಿ, ಅದೇ ತಂಬಿಗೆಯಿಂದ.