ನನ್ನ ಲಾರಿ ಗೇಮಿನ ಒಬ್ಬನೇ ವೀಕ್ಷಕ

ನನ್ನ ಲೈವ್‌ಗೆ ಬಂದ ಮೊಟ್ಟಮೊದಲ ಕಾಮೆಂಟೇ ಒಂದು ದೂರು.

"ಲಾರಿ ಜಿಗದ್ ಜಿಗದ್ ಹೊಂಟೈತ್ರಿ. ನೋಡಾಕ ಆಗವಲ್ದು."

ಬರೆದವರ ಹೆಸರಿನ ಜಾಗದಲ್ಲಿ ಬರೀ ಅಂಕೆಗಳಿದ್ದವು. ಫೋಟೋ ಇಲ್ಲ. ಆದರೂ ನನಗೆ ಖುಷಿಯಾಯಿತು. ಇಪ್ಪತ್ತು ದಿನದಿಂದ ಲೈವ್ ಮಾಡುತ್ತಿದ್ದೆ, ನೋಡುವವರ ಸಂಖ್ಯೆ ಸೊನ್ನೆ ದಾಟಿದ್ದು ಅವತ್ತೇ ಮೊದಲು.

ನಾನು ಜತ್ತ ತಾಲೂಕಿನ ವಳಸಂಗದವನು. ಹದಿನೇಳು ವರ್ಷ ಲಾರಿ ಓಡಿಸಿದೆ. ಎರಡು ವರ್ಷದ ಹಿಂದೆ ಒಂದು ಅಪಘಾತದಲ್ಲಿ ಬಲಗಾಲು ಹೋಯಿತು.

ಹೆಂಡತಿ ಮಹಾದೇವಿ ಬೆಳಿಗ್ಗೆ ಅಂಗನವಾಡಿಗೆ ಹೋದರೆ ಮನೆಯಲ್ಲಿ ನಾನೊಬ್ಬನೇ. ಅದನ್ನು ನೋಡಲಾರದೆ ಸಾಂಗ್ಲಿಯಲ್ಲಿರುವ ಅಕ್ಕನ ಮಗ ತನ್ನ ಹಳೆಯ ಕಂಪ್ಯೂಟರ್ ತಂದುಕೊಟ್ಟು, ಲಾರಿ ಓಡಿಸುವ ಗೇಮ್ ಹಾಕಿಕೊಟ್ಟ. ಅದರಲ್ಲಿ ಬ್ರೇಕು, ಆಕ್ಸಿಲರೇಟರ್ ಎಲ್ಲ ಬೆರಳಿನಲ್ಲೇ.

ಆಡುವುದನ್ನು ಯಾರು ಬೇಕಾದರೂ ನೆಟ್‌ನಲ್ಲಿ ನೋಡುವಂತೆ ಲೈವ್ ಮಾಡುವುದನ್ನೂ ಅವನೇ ಕಲಿಸಿದ, ಚಾನೆಲ್ಲಿಗೆ ನನ್ನ ಹೆಸರನ್ನೂ ಊರನ್ನೂ ಹಾಕಿದ. ಗೇಮ್ ಓಡಿಸುತ್ತ ಮೈಕಿನಲ್ಲಿ ಮಾತಾಡುತ್ತಿದ್ದೆ. ಯಾವ ಧಾಬಾದಲ್ಲಿ ಏನು ಚಲೋ, ಯಾವ ತಿರುವಿನಲ್ಲಿ ಹುಷಾರು... ಕೇಳುವವರಿರಲಿಲ್ಲ, ಅಷ್ಟೆ.

ಒಂದು ದಿನ ಮಹಾದೇವಿ ಬೇಗ ಬಂದಳು. ಬಾಗಿಲಲ್ಲೇ ನಿಂತು, "ಯಾರ ಜೋಡಿ ಮಾತಾಡಾಕತ್ತೀರಿ?" ಎಂದು ಕೇಳಿದಳು.

"ಯಾರಿಲ್ಲ" ಎಂದೆ. ಅವಳು ಒಳಗೆ ಹೋಗಿ ಚಹಾಕ್ಕಿಟ್ಟಳು.

ಹಾಗಾಗಿ ಆ ಅಂಕೆಗಳ ಮನುಷ್ಯ ಬೇಸತ್ತು ಹೋಗಿಬಿಟ್ಟರೆ ಎಂದು ನನಗೆ ಹೆದರಿಕೆ. ಹೇಗಾದರೂ ಇದನ್ನು ಸರಿಮಾಡಬೇಕು ಎಂದು ಕೂತೆ.

ವಿಚಿತ್ರ ಏನೆಂದರೆ, ನನ್ನ ಸ್ಕ್ರೀನಿನಲ್ಲಿ ಲಾರಿ ನೀಟಾಗಿಯೇ ಓಡುತ್ತಿತ್ತು. ಮೊದಲು ನೆಟ್‌ವರ್ಕ್ ಮೇಲೆ ಅನುಮಾನ ಬಂತು. ವಿಡಿಯೋ ಕ್ವಾಲಿಟಿ ಇಳಿಸಿದೆ, ರೂಟರ್ ಹತ್ತಿರ ತಂದೆ. ಮುಗಿದ ಲೈವ್‌ನ ವಿಡಿಯೋ ತೆರೆದು ನೋಡಿದರೆ ಅದೇ ಜಿಗಿತ.

ಆಮೇಲೆ ಲೈವ್ ಬಿಟ್ಟು ಬರೀ ರೆಕಾರ್ಡ್ ಮಾಡಿ ನೋಡಿದೆ. ಅದರಲ್ಲೂ ಲಾರಿ ಜಿಗಿಯುತ್ತಿತ್ತು. ಅಂದರೆ ತಪ್ಪು ನೆಟ್‌ನದ್ದಲ್ಲ, ಕಂಪ್ಯೂಟರಿನೊಳಗೇ ಇದೆ.

ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಒಂದೊಂದೇ ತೆರೆಸಿ ನೋಡಿಸಿದ.

"ಮಾಮಾ, ಗೇಮು ಗ್ರಾಫಿಕ್ಸ್ ಕಾರ್ಡಿನ ತಾಕತ್ತೆಲ್ಲಾ ಒಂದs ತಿನ್ನಾಕತ್ತೈತಿ. ರೆಕಾರ್ಡ್ ಮಾಡೋ ಸಾಫ್ಟ್‌ವೇರಿಗೆ ಏನೂ ಉಳಿಯಂಗಿಲ್ಲ. ಅದಕ್ಕ ನಡುನಡುವ ಫ್ರೇಮ್, ಅಂದ್ರ ಚಿತ್ರ, ಬಿಟ್ಟಬಿಡತೈತಿ."

ಗೇಮ್ ಸೆಕೆಂಡಿಗೆ ನೂರಿಪ್ಪತ್ತು ಫ್ರೇಮ್ ಓಡುತ್ತಿತ್ತು. ಅದನ್ನು ಅರವತ್ತಕ್ಕೆ ಲಾಕ್ ಮಾಡಿದೆ. ನೆರಳಿನ ಸೆಟ್ಟಿಂಗ್ ಇಳಿಸಿದೆ. ರೆಕಾರ್ಡಿಂಗ್ ಸಾಫ್ಟ್‌ವೇರನ್ನು ಅದಕ್ಕೂ ಕಾರ್ಡಿನ ಪಾಲು ಸಿಗಲೆಂದು ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ.

ಮತ್ತೆ ರೆಕಾರ್ಡ್ ಮಾಡಿ ನೋಡಿದೆ. ಎಣ್ಣೆ ಹಾಕಿದ ಹಾಗೆ ನುಣ್ಣಗೆ ಓಡಿತು ಲಾರಿ.

ಮರುದಿನ ಹನ್ನೊಂದಕ್ಕೆ ಲೈವ್ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಸಂಖ್ಯೆ ಒಂದಾಯಿತು. "ಈಗ ನೋಡ್ರಿ, ಚಲೋ ಬರ್ತೈತಿಲ್ಲ?" ಎಂದು ಮೈಕಿನಲ್ಲಿ ಕೇಳಿದೆ.

ಸಂಖ್ಯೆ ಒಂದರಲ್ಲೇ ಇತ್ತು. ಅರ್ಧ ತಾಸು, ಒಂದು ತಾಸು... ನಾನು ಘಾಟ್ ಇಳಿಸುತ್ತಿದ್ದೆ. ಆಗ ಬಂತು ಕಾಮೆಂಟ್.

"ಘಾಟ್ ಇಳಿಯೂಮುಂದ ಇನ್ನೂ ಗೇರ್ ತಡಾ ಮಾಡಿ ಹಾಕ್ತಿ ನೋಡಣ್ಣ."

ನನಗೆ ಹೀಗೆ ಬೈಯುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ. ಮಲ್ಲು.

ಮಲ್ಲು ನಮ್ಮ ತಾಲೂಕಿನದೇ ಮಾಡಗ್ಯಾಳದವನು. ಒಂಬತ್ತು ವರ್ಷ ನನ್ನ ಜೊತೆ ಲಾರಿಯಲ್ಲಿದ್ದ, ಒಬ್ಬರು ಓಡಿಸಿದರೆ ಇನ್ನೊಬ್ಬರು ಮಲಗುತ್ತಿದ್ದೆವು. ಅಪಘಾತವಾದಾಗ ಸ್ಟೇರಿಂಗ್ ಅವನ ಕೈಯಲ್ಲಿತ್ತು. ಎದುರಿನ ಟ್ಯಾಂಕರ್ ರಾಂಗ್ ಸೈಡಿನಲ್ಲಿ ಬಂದಿತ್ತು, ಅವನ ತಪ್ಪಿರಲಿಲ್ಲ. ಅವನಿಗೆ ಒಂದು ಗೀರೂ ಆಗಲಿಲ್ಲ.

ಅವನು ಆಸ್ಪತ್ರೆಗೆ ಬಂದಾಗ ನಾನು ಗೋಡೆ ಕಡೆ ತಿರುಗಿ, "ನಿನ್ನ ಮಾರಿ ನನಗ ತೋರಸಬ್ಯಾಡ" ಎಂದಿದ್ದೆ. ಅವನು ಮತ್ತೆ ಬರಲೇ ಇಲ್ಲ. ನಂಬರ್ ಬದಲಿಸಿದ. ನಾನೂ ಹುಡುಕಲಿಲ್ಲ.

ಗೇಮಿನ ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿದೆ.

"ಮಲ್ಲೂ... ನೀನs ಏನೋ? ಅವತ್ತ ನಾ ಅಂದದ್ದು ತಪ್ಪ. ಮನಿಗಿ ಬಾ. ಇಲ್ಲಾ ನಂಬರ್ ಕೊಡು, ಫೋನ್ ಹಚ್ತೀನಿ."

ಲೈವ್‌ನಲ್ಲಿ ನಮ್ಮ ಮಾತು ನೋಡುವವರಿಗೆ ಹತ್ತು ಹದಿನೈದು ಸೆಕೆಂಡ್ ತಡವಾಗಿ ಮುಟ್ಟುತ್ತದೆ. ಕಾದೆ. ಒಂದಿದ್ದದ್ದು ಸೊನ್ನೆಯಾಯಿತು.

ಕೈ ಎರಡೂ ಕೀಬೋರ್ಡಿನ ಮೇಲೇ ಇದ್ದವು. ಆಮೇಲೆ ಸೊನ್ನೆ ಮತ್ತೆ ಒಂದಾಯಿತು.

"ಫೋನ್ ಬ್ಯಾಡಣ್ಣ. ಮಾತಾಡಾಕ ಆಗಂಗಿಲ್ಲ ನನಗ. ನೀ ಗಾಡಿ ಹೊಡಿ. ನಾ ಬಾಜೂಕ ಕುಂತಿರ್ತೀನಿ."

ಹೊಡೆದೆ. ಕಣ್ಣು ಮಂಜಾಗಿ ಒಂದೆರಡು ಕಡೆ ಡಿವೈಡರಿಗೆ ತಾಗಿಸಿದೆ.

ಸಂಜೆ ಮಹಾದೇವಿಗೆ ಹೇಳಿದೆ. ಅವಳಿಗೆ ಅವನ ಸುದ್ದಿ ಮೊದಲೇ ಗೊತ್ತಿತ್ತು.

"ಅವಾ ಅವತ್ತಿನಿಂದ ಗಾಡಿ ಮುಟ್ಟಿಲ್ಲಂತ್ರಿ. ಕುರಿ ಕಾಯಾಕ ಹೊಕ್ಕಾನಂತ. ಯಾರ ಜೋಡೀನೂ ಮಾತಿಲ್ಲಂತ. ನೀವು ಹೆಸರ ತಗಿಯಂಗಿಲ್ಲ ಅಂತ ನಾ ಹೇಳಿರಲಿಲ್ಲ."

ಇದಾಗಿ ಇವತ್ತಿಗೆ ಹನ್ನೆರಡು ದಿನ. ದಿನಾ ಹನ್ನೊಂದಕ್ಕೆ ಸಂಖ್ಯೆ ಒಂದಾಗುತ್ತದೆ, ನಾನು ಮುಗಿಸುವವರೆಗೂ ಇರುತ್ತದೆ. ಕಾಮೆಂಟ್ ಮಾತ್ರ ಒಂದೂ ಇಲ್ಲ. ಮಾಡಗ್ಯಾಳದ ಯಾವುದೋ ಬಯಲಿನಲ್ಲಿ ಕುರಿಗಳ ನಡುವೆ ಮೊಬೈಲ್ ಹಿಡಿದು ಕೂತಿರುತ್ತಾನೆ ಎಂದುಕೊಂಡು ಮಾತಾಡುತ್ತೇನೆ.

ಅವನು ತಾನಾಗಿ ಮಾತಾಡುವವರೆಗೂ ಹೀಗೇ ಗಾಡಿ ಓಡಿಸುತ್ತಿರಬೇಕಾ, ಇಲ್ಲ ಬೇಡ ಅಂದರೂ ಹೋಗಿ ಅವನ ಬಾಗಿಲು ಬಡಿಯಬೇಕಾ... ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?